ಮನೆಯ ಮೇಲೊಂದು ಕೊಸರು

ನನ್ನ ಅಣ್ಣ ನಾಳೆ ಸ್ವರ್ಗಕ್ಕೆ ಹೋದರೂ ಸುಮ್ಮನೆ ಒಳಗೆ ಕಾಲಿಡುವವನಲ್ಲ. ಬಾಗಿಲಲ್ಲೇ ನಿಂತು, "ಇಷ್ಟು ದೂರದಿಂದ ಬಂದೀನ್ರಿ, ಮ್ಯಾಲ ಒಂದೀಟು ಕೊಸರು ಹಾಕ್ರಿ" ಎಂದು ಕೇಳುತ್ತಾನೆ. ದೇವರು ಏನು ಕೊಡುತ್ತಾನೋ ನನಗೆ ಗೊತ್ತಿಲ್ಲ. ಕೊಡದೆ ಪಾರಾಗುವುದಿಲ್ಲ ಎಂಬುದಂತೂ ಖಂಡಿತ!

ಮಕ್ಕಳೇ, ನೀವು ಟವೆಲಜ್ಜ ಎಂದು ಕರೆಯುತ್ತೀರಲ್ಲ, ಅವನ ಸುದ್ದಿಯನ್ನೇ ಬರೆಯಲು ಕೂತಿದ್ದೇನೆ. ನಿಮ್ಮ ಅಪ್ಪನಿಗೆ ಸೋದರಮಾವ, ನನಗೆ ಒಬ್ಬನೇ ಅಣ್ಣ. ಇರುವುದು ಕುಷ್ಟಗಿಯಲ್ಲಿ. "ಅಜ್ಜೀ, ಬಾಯಲ್ಲೇ ಹೇಳು" ಎಂದು ನೀವು ಎಷ್ಟು ಸಲ ಕೇಳಿದಿರಿ. ಏನು ಮಾಡಲಿ, ನಾಲ್ಕು ಜನ ನನ್ನ ಮುಖ ನೋಡಿದರೆ ನನಗೆ ಮಾತು ಬರುವುದಿಲ್ಲ, ಕೆಮ್ಮು ಬರುತ್ತದೆ! ಬರೆಯುವುದಾದರೆ ಆ ತೊಂದರೆ ಇಲ್ಲ. ಯಲಬುರ್ಗಾ ಕಡೆಯ ನಮ್ಮ ಹಳ್ಳಿಯ ಸಾಲಿಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ.

ಕೊಸರು ಎಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ಸಂತೆಯಲ್ಲಿ ಬದನೆಕಾಯಿ ತೂಗಿದ ಮೇಲೆ, ತೂಕಕ್ಕೆ ಸೇರದ ಒಂದು ಕಾಯಿಯನ್ನು ಮಾರುವವಳು ನಮ್ಮ ಚೀಲಕ್ಕೆ ಹಾಕುತ್ತಾಳಲ್ಲ, ಅದೇ ಕೊಸರು. ಬದನೆಕಾಯಿಗೆ ಎಲ್ಲರೂ ಕೇಳುತ್ತಾರೆ. ಅದರಲ್ಲೇನು ದೊಡ್ಡಸ್ತಿಕೆ? ನನ್ನ ಅಣ್ಣ ಎಲ್ಲೆಲ್ಲಿ ಕೇಳುತ್ತಾನೆ ಎಂಬುದೇ ವಿಶೇಷ.

ಬಸ್ಸಿನಲ್ಲಿ ಗಂಗಾವತಿಗೆ ಟಿಕೆಟು ತೆಗೆಸಿದರೆ, ಸ್ಟ್ಯಾಂಡಿನಲ್ಲಿ ಇಳಿಯುವುದಿಲ್ಲ. "ಟಿಕೀಟಿನ ಮ್ಯಾಲ ಆ ಬೇವಿನ ಗಿಡದ ತನಕ ಕೊಸರು" ಎಂದು ಕಂಡಕ್ಟರನನ್ನು ಕಾಡುತ್ತಾನೆ. ಬಸ್ಸು ಬಂದದ್ದೇ ಬೇವಿನ ಗಿಡದ ಕಡೆಯಿಂದ, ಹೋಗುವುದು ಇನ್ನೊಂದು ಕಡೆಗೆ! ಒಂದು ಸಲ ಜ್ವರ ಬಂದು ಡಾಕ್ಟರ ಹತ್ತಿರ ಹೋದ. ಸೂಜಿ ಚುಚ್ಚಿಸಿಕೊಂಡು ಅಂಗಿಯ ತೋಳು ಇಳಿಸುತ್ತ, "ಸಾಹೇಬ್ರ, ಹೆಂಗೂ ಬಂದಾಳ, ಕೊಸರಿಗಿ ಇವಳ ಕೈನೂ ಒಮ್ಮಿ ನೋಡಿಬಿಡ್ರಿ" ಎಂದು ಪಕ್ಕದಲ್ಲಿದ್ದ ನಮ್ಮ ಅತ್ತಿಗೆಯ ಕೈ ಹಿಡಿದು ಮುಂದೆ ಚಾಚಿದ. ಅತ್ತಿಗೆಗೆ ಏನೂ ಆಗಿರಲಿಲ್ಲ. ಡಾಕ್ಟರು ನಕ್ಕು ನೋಡಿದರು. ಬಿ.ಪಿ. ಏರಿತ್ತು. ಗಂಡನ ಜೊತೆ ಬಂದ ಹೆಣ್ಣುಮಗಳು, ಏರದೆ ಏನು ಮಾಡೀತು?

ನನ್ನ ಮದುವೆಯ ಮಾತುಕತೆಯಲ್ಲೂ ಕೇಳಿದವನು ಅವನು! ಮರಳಿ ಎಂಬ ಊರಿನಿಂದ ಗಂಡಿನ ಕಡೆಯವರು ಬಂದಿದ್ದರು. ಎಲ್ಲ ಮಾತು ಮುಗಿದು, ಎಲೆ ಅಡಿಕೆ ಹಾಕಿಕೊಂಡು ಹಿರಿಯರು ಏಳುತ್ತಿದ್ದರು. ಆಗಿನ್ನೂ ಮೀಸೆ ಸರಿಯಾಗಿ ಬಾರದ ನನ್ನ ಅಣ್ಣ ಬಾಗಿಲಿಗೆ ಅಡ್ಡ ನಿಂತ.

"ತಡೀರಿ. ಹೆಣ್ಣು ಕೊಟ್ಟೀವಿ. ಮ್ಯಾಲ ಕೊಸರೇನು?"

ಅಪ್ಪ ಹೌಹಾರಿದ. ಗಂಡಿನವರು ಕೇಳುವುದು ಎಲ್ಲರಿಗೂ ಗೊತ್ತು, ಹೆಣ್ಣಿನವರು ಕೇಳುವುದು ಯಾವ ಸೀಮೆಯ ಪದ್ಧತಿ? ಅಣ್ಣ ಅಳುಕಲಿಲ್ಲ. "ಪಂಚಮಿಗಿ ತಂಗಿನ್ನ ತವರಿಗಿ ಕಳಸ್ತೀವಿ ಅಂದ್ರಲ್ಲ, ಅದರ ಮ್ಯಾಲ ಒಂದು ವಾರ ಕೊಸರು ಹಾಕ್ರಿ." ನಮ್ಮ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಕೀನಿ ತಗೋಪಾ" ಎಂದರು. ಹೇಳಿದ ಹಾಗೆ ನಡೆದುಕೊಂಡರು. ಪ್ರತಿ ವರ್ಷ ಪಂಚಮಿಗೆ ನನ್ನನ್ನು ಬಸ್ಸು ಹತ್ತಿಸುವಾಗ ನಿಮ್ಮ ಅಜ್ಜ, "ಹಬ್ಬ ಮುಗಿಸು, ಕೊಸರೂ ಮುಗಿಸು, ಆಮ್ಯಾಲ ಬಾ" ಎಂದು ಕಿಚಾಯಿಸುತ್ತಿದ್ದರು. ಆ ವಾರ ನಾನು ಬೆಳಿಗ್ಗೆ ಹೊತ್ತೇರುವವರೆಗೆ ಮಲಗುತ್ತಿದ್ದೆ. ಅವ್ವ ಎಬ್ಬಿಸಲು ಬಂದರೆ ಅಣ್ಣ, "ಅದು ನಾ ಗಳಿಸಿದ ವಾರ ಐತಿ, ಮಲಗ್ಲಿ ಬಿಡು" ಎನ್ನುತ್ತಿದ್ದ.

ಇನ್ನು ಟವೆಲಿನ ಕಥೆ. ಅಣ್ಣ ವಯಸ್ಸಿನಲ್ಲಿದ್ದಾಗ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದ. ಅಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಕೊಳ್ಳುವವನ ಕೈ ಮತ್ತು ದಲ್ಲಾಳಿಯ ಕೈ ಟವೆಲಿನ ಕೆಳಗೆ ಸೇರುತ್ತವೆ. ಬೆರಳು ಹಿಡಿದರೆ ಒಂದು ಬೆಲೆ, ಮಡಿಚಿದರೆ ಇನ್ನೊಂದು. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಟವೆಲು ಮಾತ್ರ. ಟ್ರ್ಯಾಕ್ಟರುಗಳು ಬಂದು ಎತ್ತುಗಳು ಕಡಿಮೆಯಾದವು, ದಲ್ಲಾಳಿಗೆ ಕೆಲಸವಿಲ್ಲದಾಯಿತು. ಆದರೆ ಟವೆಲಿಗೆ ಯಾರು ಹೇಳಬೇಕು? ಅದು ಅವನ ಹೆಗಲಿನಿಂದ ಇಳಿಯಲೇ ಇಲ್ಲ. ಮೊಬೈಲ್ ಅಂಗಡಿಯಲ್ಲಿ ಕರೆನ್ಸಿ ಹಾಕಿಸಲು ಹೋದರೂ ಟವೆಲು ಬಿಚ್ಚಿ ಅಂಗಡಿಯವನ ಕೈ ಹುಡುಕುತ್ತಾನೆ. ಆ ಹುಡುಗ ಪಾಪ, ಮುದುಕನಿಗೆ ತಲೆ ಸುತ್ತು ಬಂತೆಂದು ನೀರು ತಂದುಕೊಟ್ಟನಂತೆ. ನೀರು ಕುಡಿದ ಅಣ್ಣ, "ಇದು ಕೊಸರಾತು. ಈಗ ರೇಟಿನ ಮಾತಿಗಿ ಬಾ" ಎಂದನಂತೆ!

ಇಂಥವನನ್ನು ಮನೆ ಕೊಳ್ಳಲು ಕರೆದುಕೊಂಡು ಹೋಗಬಾರದು ಎಂದು ನಿಮ್ಮ ಅಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೇಳದೆ ಹೋಗಬೇಕೆಂದೇ ಇದ್ದ. ಅಣ್ಣನಿಗೆ ಸುದ್ದಿ ಹೇಗೆ ತಲುಪಿತೋ ಕಾಣೆ, ಬೆಳಿಗ್ಗೆಯ ಬಸ್ಸಿಗೇ ಕುಷ್ಟಗಿಯಿಂದ ಬಂದು ಇಳಿದ. "ಏನಳಿಯಾ, ಒಂದು ಹೋರಿ ತರಬೇಕಂದ್ರ ನನ್ನ ಕೇಳ್ತಿದ್ರು ಮಂದಿ. ನೀ ಮನಿ ತರಾಕ ಹೊಂಟೀದಿ, ಸ್ವಾದರಮಾವ ನೆನಪಾಗಲಿಲ್ಲೇನು?" ನಿಮ್ಮ ಅಪ್ಪ ಮುನಿರಾಬಾದಿನ ನೀರಾವರಿ ಆಫೀಸಿನಲ್ಲಿ ಎಷ್ಟೋ ಸಾಹೇಬರ ಕೈಕೆಳಗೆ ಕೆಲಸ ಮಾಡಿದವನು. ಈ ಸಾಹೇಬನ ಮಾತಿಗೂ ಹೂಂ ಎಂದು ಆಟೋ ಕರೆದ.

ಆಗ ನಾವು ಗಂಗಾವತಿಯಲ್ಲಿ ಬಾಡಿಗೆಗಿದ್ದೆವು. ನಿಮ್ಮ ಅವ್ವನ ಶಾಲೆಗೂ ಅದು ಅನುಕೂಲ. ಒಂದು ಕೋಣೆ, ಒಂದು ಅಡುಗೆಮನೆ, ಒಂದು ಹಾಲ್. ಹಾಲ್‌ನಲ್ಲಿ ಟಿ.ವಿ., ಟಿ.ವಿ. ಮುಂದೆ ನೀವು, ನಿಮ್ಮ ಹಿಂದೆ ನಾನು. ನನಗೆ ಅಲ್ಲಿ ಯಾವ ಕೊರತೆಯೂ ಇರಲಿಲ್ಲ. ಮಗ, ಸೊಸೆ ಇಬ್ಬರೂ ನನ್ನನ್ನು ಕೈಯಲ್ಲಿ ಹಿಡಿದುಕೊಂಡಂತೆ ನೋಡಿಕೊಂಡಿದ್ದಾರೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನನಗೊಂದು ಆಸೆ ಇತ್ತು. ನಗಬೇಡಿ. ಒಂದು ಬಾಗಿಲು ಬೇಕೆಂಬ ಆಸೆ.

ತವರಿನಲ್ಲಿ ಇದ್ದದ್ದು ಒಂದೇ ಅಂಕಣ, ಅರ್ಧ ನಮಗೆ ಅರ್ಧ ದನಕ್ಕೆ. ಗಂಡನ ಮನೆಯಲ್ಲಿ ಪಡಸಾಲೆಯ ತುಂಬ ಜನ. ನಿಮ್ಮ ಅಜ್ಜ ಹೋದ ಮೇಲೆ ಬಾಡಿಗೆ ಮನೆಯ ಹಾಲ್. ಬೆಳಿಗ್ಗೆ ಹಾಲು ಹಾಕುವವನು ಬರುವ ಮೊದಲು ಹಾಸಿಗೆ ಸುತ್ತಿಡಬೇಕು. ಸೀರೆ ಉಡಬೇಕಾದರೆ ಬಚ್ಚಲಿಗೆ ಹೋಗಬೇಕು. ಬಚ್ಚಲಲ್ಲಿ ನೆರಿಗೆ ಹಿಡಿದರೆ ಅಂಚು ಒದ್ದೆ! ಜೀವನದಲ್ಲಿ ಒಂದು ದಿನವೂ ನಾನು ಒಂದು ಕೋಣೆಯೊಳಗೆ ಹೋಗಿ, ನನ್ನ ಕೈಯಾರೆ ಚಿಲಕ ಹಾಕಿ, ಕಾಲು ಚಾಚಿ ಕೂತವಳಲ್ಲ. ಹೊಸ ಮನೆಯ ಸುದ್ದಿ ಎದ್ದಾಗ ಮನಸ್ಸು ಮೆಲ್ಲಗೆ ಆ ಚಿಲಕದ ಕಡೆ ಹೋಯಿತು. ಆದರೆ ನಿಮ್ಮ ಅಪ್ಪ ನಕ್ಷೆ ತಂದು ತೋರಿಸಿದಾಗ ಅದರಲ್ಲಿ ಎರಡು ಕೋಣೆ. ಒಂದು ಅವರಿಬ್ಬರಿಗೆ, ಒಂದು ನಿಮ್ಮಿಬ್ಬರ ಓದಿಗೆ. "ಅವ್ವಾ, ನಿನಗ ಹಾಲ್‌ನ್ಯಾಗ ಛಲೋ ದಿವಾನ ಮಾಡಸ್ತೀನಿ, ಸ್ಪಂಜಿಂದು" ಎಂದ, ಬಹಳ ಪ್ರೀತಿಯಿಂದ. ನಾನು "ಆತಪ್ಪಾ" ಎಂದೆ. ಇನ್ನೇನು ಹೇಳಲಿ? ಸಾಲ ಅವರದು, ದುಡಿಮೆ ಅವರದು. ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಮನೆಗಳಿದ್ದದ್ದು ಊರ ಹೊರಗೆ, ಭತ್ತದ ಗದ್ದೆಗಳ ಅಂಚಿನ ಹೊಸ ಲೇಔಟಿನಲ್ಲಿ. ಸಾಲಾಗಿ ಒಂದೇ ಅಚ್ಚಿನ ಮನೆಗಳು. ಆಟೋದಿಂದ ಇಳಿಯುವ ಮೊದಲೇ ಅಣ್ಣ ಎಲ್ಲರಿಗೂ ತಾಕೀತು ಮಾಡಿದ.

"ನೋಡ್ರಿ, ಯಾರೂ ಮನಿ ಛಲೋ ಐತಿ ಅನಬ್ಯಾಡ್ರಿ. ಮಾಲ್ ನೋಡಿ ನಕ್ರ ರೇಟ್ ಏರ್ತದ. ಎಲ್ಲಾರೂ ಮುಖ ಸಣ್ಣ ಮಾಡ್ರಿ."

ದೊಡ್ಡವನೇ, ನೀನು ತುಟಿ ಕಚ್ಚಿಕೊಂಡು ನಗು ತಡೆದೆ. ಸಣ್ಣವಳೇ, ನೀನು ಅಜ್ಜನ ಮಾತನ್ನು ಎಷ್ಟು ಪಾಲಿಸಿದೆಯೆಂದರೆ, ಹೊಸ್ತಿಲು ದಾಟುತ್ತಿದ್ದಂತೆ "ಹೋ" ಎಂದು ಅತ್ತೇಬಿಟ್ಟೆ! ಅಲ್ಲಿನ ಮ್ಯಾನೇಜರ್ ಹುಡುಗಿ ಗಾಬರಿಯಾಗಿ ಕೈತುಂಬ ಚಾಕಲೇಟು ಕೊಟ್ಟಳು. ಅಣ್ಣ ನನ್ನ ಕಿವಿಯಲ್ಲಿ, "ಮೊದಲನೇ ಕೊಸರು ಬಿತ್ತು" ಎಂದ.

ಆಮೇಲೆ ಮನೆ ನೋಡುವ ಶಾಸ್ತ್ರ. ಎಲ್ಲರೂ ಮುಂಬಾಗಿಲಿನಿಂದ ಒಳಗೆ ಹೋದರೆ ಇವನು ಹಿಂದಕ್ಕೆ ಹೋದ. ಎತ್ತನ್ನು ಹಿಂದಿನಿಂದ ನೋಡಬೇಕಂತೆ! ಗೋಡೆಯ ಬೆನ್ನು ತಟ್ಟಿದ. ಎತ್ತಿನ ಮೈಮೇಲೆ ಹುಡುಕುವ ಹಾಗೆ ಮೂಲೆಗಳಲ್ಲಿ ಬಗ್ಗಿ ಸುಳಿ ಹುಡುಕಿದ. ಅಡುಗೆಮನೆಯ ಕಪಾಟಿನ ಬಾಗಿಲು ತೆಗೆದು, ಹಲ್ಲು ಎಣಿಸುವವನ ಹಾಗೆ ಕತ್ತು ಓರೆ ಮಾಡಿ ಒಳಗೆ ಇಣುಕಿದ. ಹುಡುಗಿ, "ಏನು ನೋಡ್ತಿದೀರಾ ತಾತ?" ಎಂದಳು. ಊರು ಯಾವುದೋ, ಅವಳ ಕನ್ನಡ ನುಣುಪಾಗಿತ್ತು.

"ವಯಸ್ಸೆಷ್ಟವಾ ಇದಕ್ಕ?"

"ಹೊಸದು ತಾತ, ಈಗ ತಾನೇ ಮುಗಿದಿದೆ."

"ಎಲ್ಲಾರೂ ಹಂಗs ಅಂತಾರವಾ. ನಾನೂ ಅಂತಿದ್ದೆ" ಎಂದ ನನ್ನ ಅಣ್ಣ, ಬಹಳ ಪ್ರಾಮಾಣಿಕವಾಗಿ!

ಲೇಔಟಿನವರ ಆಫೀಸಿನಲ್ಲಿ ತಣ್ಣಗೆ ಎ.ಸಿ. ಬೀಸುತ್ತಿತ್ತು. ಗೋಡೆಯ ಮೇಲೆ ಬಣ್ಣದ ಬೋರ್ಡು. ಹಬ್ಬದ ಆಫರ್: ಮಾಡ್ಯುಲರ್ ಕಿಚನ್, ದೊಡ್ಡ ಟಿ.ವಿ., ಎ.ಸಿ., ಬಂಗಾರದ ನಾಣ್ಯ, ಇಬ್ಬರಿಗೆ ಗೋವಾ ಪ್ರವಾಸ. ಐದರಲ್ಲಿ ಯಾವುದಾದರೂ ಎರಡನ್ನು ಆರಿಸಿಕೊಳ್ಳಬೇಕು. ಅಣ್ಣನಿಗೆ ಓದಿ ಹೇಳಿದಾಗ ಅವನ ಕಣ್ಣಲ್ಲಿ ದೀಪ ಹತ್ತಿತು. ಇಷ್ಟು ವರ್ಷ ತಾನು ಕೇಳಿ ಕೇಳಿ ಪಡೆದದ್ದನ್ನು ಇವರು ಬೋರ್ಡಿಗೆ ಬರೆದು ಹಾಕಿದ್ದಾರೆ! ಗೋವಾ ಮಾತ್ರ ಅವನಿಗೆ ತಿಳಿಯಲಿಲ್ಲ. "ಮನಿ ಕೊಂಡವರನ್ನ ಮನಿ ಬಿಡಿಸಿ ಯಾಕ ಕಳಸ್ತೀರಿ? ಮನಿ ಅಷ್ಟು ಕೆಟ್ಟ ಐತೇನು?" ಎಂದ.

"ಎರಡs ಯಾಕ? ಮಾತಾಡೂಣು" ಎನ್ನುತ್ತ ಹೆಗಲಿನ ಟವೆಲು ಬಿಚ್ಚಿದ. ಅಲ್ಲಿಗೆ ಬಂತು ನೋಡಿ ಪೇಚು! ಎದುರಿಗಿರುವುದು ಹೆಣ್ಣುಮಗಳು. ಪರರ ಮಗಳ ಕೈಯನ್ನು ಟವೆಲಿನ ಕೆಳಗೆ ಹಿಡಿಯುವುದು ಹೇಗೆ? ಬಾಯಿಂದ ಕೇಳಿದರೆ ದಲ್ಲಾಳಿಯ ಇಜ್ಜತ್ತು ಉಳಿಯುವುದು ಹೇಗೆ? ಅಣ್ಣ ಅತ್ತ ಇತ್ತ ನೋಡಿದ. ಮೂಲೆಯ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದ ನಾನು ಕಣ್ಣಿಗೆ ಬಿದ್ದೆ.

"ತಂಗೆವ್ವಾ, ಇಲ್ಲಿ ಬಾ. ನಡುವ ಕುಂದ್ರು."

"ಅಣ್ಣಾ, ನನ್ನ ಬಿಟ್ಟುಬಿಡು" ಎಂದೆ.

"ನೀ ಏನೂ ಮಾತಾಡಬ್ಯಾಡ. ನಾ ಹಿಡಿದಷ್ಟು ಬೆರಳು ನೀ ಆ ಹುಡುಗಿ ಕೈಯಾಗ ಹಿಡಿ, ಮುಗೀತು."

ಹೀಗೆ ನನ್ನ ಎಡಗೈ ಟವೆಲಿನ ಕೆಳಗೆ ಅಣ್ಣನ ಕೈಯಲ್ಲಿ, ಬಲಗೈ ನನ್ನ ಸೆರಗಿನ ಕೆಳಗೆ ಮ್ಯಾನೇಜರ್ ಹುಡುಗಿಯ ಕೈಯಲ್ಲಿ. ನಾನು ನಡುವೆ ಕರೆಂಟಿನ ವೈರು! ನಿಮ್ಮ ಅಪ್ಪ ಫ್ಯಾನು ನೋಡುತ್ತಿದ್ದ. ನಿಮ್ಮ ಅವ್ವ ಮುಖಕ್ಕೆ ಕರ್ಚೀಫು ಹಿಡಿದು ಅಲುಗಾಡುತ್ತಿದ್ದಳು. ಅಣ್ಣ ಐದೂ ಬೆರಳು ಒತ್ತಿದ. ನಾನೂ ಒತ್ತಿದೆ. ಹುಡುಗಿಗೆ ಕಚಗುಳಿಯಾಗಿ ಕಿಸಕ್ಕೆಂದಳು. ಆಮೇಲೆ ಮೂರು ಬೆರಳು ಹಿಡಿದು, ಗಟ್ಟಿಯಾಗಿ, "ಮೂರು ಕೊಡ್ತೀನಿ ತಾತ!" ಎಂದುಬಿಟ್ಟಳು.

ಅಣ್ಣ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. "ಯವ್ವಾ! ಬಾಯಿಲೆ ಅಂದ್ಯಲ್ಲ! ಸಂತಿಯೆಲ್ಲಾ ಕೇಳಿತಲ್ಲ!"

"ಇಲ್ಲಿ ಯಾರೂ ಇಲ್ವಲ್ಲ ತಾತ, ಎಲ್ಲಾ ನಿಮ್ಮವರೇ."

"ನಮ್ಮವರs ಮೊದಲು ಕೇಳಬಾರದು!"

ಮತ್ತೆ ಮೊದಲಿನಿಂದ ಶುರು. ಈ ಸಲ ಹುಡುಗಿ ಬಾಯಿ ಮುಚ್ಚಿಕೊಂಡು ಬೆರಳಲ್ಲೇ ಆಡಿದಳು. ನಾಲ್ಕಕ್ಕೆ ಏರಿದಳು. ಎದ್ದು ಒಳಗೆ ಹೋಗಿ ಮಾಲೀಕರಿಗೆ ಫೋನು ಮಾಡಿ ಬಂದು, ನನ್ನ ಕೈ ಹುಡುಕಿ, ಐದು ಬೆರಳನ್ನೂ ಮೆತ್ತಗೆ ಒತ್ತಿದಳು. ನನಗೆ ಎಷ್ಟು ಖುಷಿಯಾಯಿತು ಎಂದರೆ ಏನು ಹೇಳಲಿ! ಗುರುತಿಲ್ಲದವರ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು, ಅದೂ ಬಾಯಿ ತೆರೆಯದೆ!

ಗೆದ್ದ ಸಂತೋಷದಲ್ಲಿ ಯಾರೂ ಕೈ ಬಿಟ್ಟಿರಲಿಲ್ಲ. ಹುಡುಗಿ ಹಾಗೇ ಕೂತು ವಿವರಿಸತೊಡಗಿದಳು. ಎ.ಸಿ. ಸರ್ ಮತ್ತು ಮೇಡಂ ಕೋಣೆಗೆ. ಇನ್ನೊಂದು ಕೋಣೆ ಮಕ್ಕಳಿಗೆ. ಟಿ.ವಿ. ಹಾಲ್‌ನಲ್ಲಿ, ದಿವಾನದ ಎದುರಿಗೇ. "ಅಮ್ಮ ಮಲಗಿಕೊಂಡೇ ಟಿ.ವಿ. ನೋಡಬಹುದು" ಎಂದು ನನ್ನ ಮುಖ ನೋಡಿ ನಕ್ಕಳು. ನಾನೂ ನಕ್ಕೆ. ಅಣ್ಣ ಟವೆಲು ಮಡಿಚಿ ಹೆಗಲಿಗೆ ಹಾಕಿಕೊಂಡ.

ಅಂದು ಬರುವಾಗ ದಾರಿಯಲ್ಲಿ ನಿಮ್ಮ ಅಪ್ಪ ಎಲ್ಲರಿಗೂ ಮಂಡಾಳ ಒಗ್ಗರಣಿ, ಮಿರ್ಚಿ ಕೊಡಿಸಿದ. ನಿಮ್ಮ ಅವ್ವ ಮಾಡ್ಯುಲರ್ ಕಿಚನ್ನಿಗೆ ಯಾವ ಬಣ್ಣ ಎಂದು ಯೋಚಿಸುತ್ತಿದ್ದಳು. ಅಣ್ಣ ಮಿರ್ಚಿ ತಿಂದು, ಕೈ ತೊಳೆದು, ಸುಮ್ಮನೆ ಎದ್ದ. ಒಂದು ಮಿರ್ಚಿ ಕೊಸರು ಕೇಳಲಿಲ್ಲ! ಅಂಗಡಿಯವನಿಗೆ ಅವನ ಪರಿಚಯವಿತ್ತು. "ಯಜಮಾನ್ರಿಗೆ ಮೈಯಾಗ ನೆಟ್ಟಗಿಲ್ಲೇನ್ರಿ?" ಎಂದು ನನ್ನನ್ನೇ ಕೇಳಿದ.

ಮುಂಗಡ ಕೊಡುವ ದಿನ ಬಂತು. ಅಂದು ಸ್ವತಃ ಮಾಲೀಕರೇ ಬಂದಿದ್ದರು. ಕಾಲುವೆ ಕಡೆಯ ಕ್ಯಾಂಪಿನವರು, ಆಂಧ್ರದಿಂದ ಬಂದು ನೆಲೆಸಿದ ರೈತರ ಮನೆತನ, ಬಿಳಿ ಅಂಗಿ, ಮಾತಿನ ನಡುವೆ ತೆಲುಗು. "ರಂಡಿ, ರಂಡಿ, ಬರ್ರಿ" ಎಂದು ಎಲ್ಲರನ್ನೂ ಕೂರಿಸಿದರು. ನಿಮ್ಮ ಅಪ್ಪ ಚೆಕ್ಕು ಹೊರಗೆ ತೆಗೆಯುತ್ತಿದ್ದ. ಅಣ್ಣ ಅವನ ಮೊಣಕೈ ಹಿಡಿದು, "ತಡಿ ಅಳಿಯಾ" ಎಂದ. ಎದ್ದು ಮಾಲೀಕರ ಪಕ್ಕ ಹೋಗಿ ಕೂತ. ಟವೆಲು ಬಿಚ್ಚಿದ.

ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಮಾಲೀಕರ ಕೈ ಆಗಲೇ ಟವೆಲಿನ ಕೆಳಗಿತ್ತು! "ಪೆದ್ದಾಯನಾ, ಹಿರಿಯರ, ನಮ್ಮ ನಾನ್ನ, ಅಂದ್ರ ನಮ್ಮಪ್ಪ, ಎತ್ತು ತರಾಕ ಹೋದಾಗ ಬಾಜೂ ನಿಂತು ನೋಡಿದ್ದೆ. ಈ ಆಟ ನೋಡಿ ಎಷ್ಟು ವರ್ಷ ಆತು" ಎಂದು ಅವರ ಮುಖ ಅರಳಿತು. ಇಬ್ಬರೂ ತಲೆ ತಗ್ಗಿಸಿದರು. ಟವೆಲು ಅಲುಗಾಡಿತು. ಸ್ವಲ್ಪ ಹೊತ್ತಿಗೆ ಮಾಲೀಕರು ಹುಬ್ಬು ಗಂಟಿಕ್ಕಿದರು.

"ಇದೇನು? ಬೆರಳು ಮಡಚ್ತೀರಿ?"

"ಹೌದ್ರಿ."

"ಐದು ಒಪ್ಪೀವಲ್ಲ. ನೀವು ನಾಲ್ಕು ಅಂತೀರಿ. ಮತ್ತ ಮೂರು ಅಂತೀರಿ! ಎಲ್ಲಾರೂ ಬೇಕು ಬೇಕು ಅಂತಾರ, ನೀವೇನು ಬ್ಯಾಡ ಬ್ಯಾಡ ಅಂತೀರಿ?"

ಅಣ್ಣ ಕೊನೆಯ ಬೆರಳನ್ನೂ ಮಡಿಚಿ ಟವೆಲು ತೆಗೆದ. ಆಮೇಲೆ, ಜೀವನದಲ್ಲಿ ಮೊದಲ ಸಲ, ಟವೆಲಿನ ವ್ಯಾಪಾರವನ್ನು ಬಾಯಿಂದ ಆಡಿದ.

"ಗೋವಾ ಬ್ಯಾಡ. ಬಂಗಾರ ಬ್ಯಾಡ. ಟಿ.ವಿ., ಎ.ಸಿ., ಅಡಗಿಮನಿ ಕಪಾಟು, ಎಲ್ಲಾ ಹೊಳ್ಳಿ ತಗೋರಿ. ನನಗ ಒಂದು ಖೋಲಿ ಕಟ್ಟಿಕೊಡ್ರಿ, ನನ್ನ ತಂಗಿಗಿ. ಬಾಗ್ಲಾ ಇರೋ ಖೋಲಿ."

ನನಗೆ ಭೂಮಿಯೊಳಗೆ ಇಳಿದುಹೋಗಬೇಕು ಎನ್ನಿಸಿತು. ಮಾಲೀಕರು ತಲೆ ಅಲ್ಲಾಡಿಸಿದರು. ನಕ್ಷೆ ಬದಲಿಸಲಾಗದು, ಜಾಗವೇ ಇಲ್ಲ ಎಂದರು. ಅಣ್ಣ ನಕ್ಷೆಯ ಮೇಲೆ ಬೆರಳಿಟ್ಟ. ಮನೆಯ ಪಕ್ಕಕ್ಕೆ ಕಾರು ನಿಲ್ಲಿಸಲು ಉದ್ದನೆಯ ಜಾಗ ಬಿಟ್ಟಿದ್ದರು.

"ಇದು ಏನ್ರಿ?"

"ಕಾರ್ ಪಾರ್ಕಿಂಗು."

"ನಮ್ಮ ಅಳಿಯನ ಹತ್ರ ಇರೋದು ಸ್ಕೂಟರು. ಇಲ್ಲದ ಕಾರಿಗಿ ಒಂದು ಖೋಲಿ ಐತಿ, ಇರೋ ತಾಯಿಗಿ ಇಲ್ಲ. ಹಿಂದಿನ ಅರ್ಧಕ್ಕ ಗ್ವಾಡಿ ಎಬ್ಬಸ್ರಿ."

ನಿಮ್ಮ ಅಪ್ಪ ತಲೆ ತಗ್ಗಿಸಿದ. ಅವನನ್ನು ಬೈಯುವುದು ಅಣ್ಣನ ಉದ್ದೇಶವಾಗಿರಲಿಲ್ಲ. ಆದರೂ ಆ ಮಾತು ಹೋಗಿ ತಾಗಿತ್ತು. ಮಾಲೀಕರು ಇನ್ನೂ ಒಪ್ಪಲಿಲ್ಲ. ಸಾಲಿನ ಮನೆಗಳೆಲ್ಲ ಒಂದೇ ಥರ ಕಾಣಬೇಕು, ಎಲಿವೇಷನ್ ಕೆಡುತ್ತದೆ ಎಂದರು. ಅಣ್ಣ ಎದ್ದು ನಿಂತ. ಟವೆಲು ಕೊಡವಿ ಹೆಗಲಿಗೆ ಹಾಕಿದ. ದಲ್ಲಾಳಿ ಹಾಗೆ ಟವೆಲು ಕೊಡವಿದರೆ ಸೌದಾ ಮುರಿಯಿತು ಎಂದರ್ಥ.

ಮಕ್ಕಳೇ, ಆ ಗಳಿಗೆ ಇಂದಿಗೂ ನೆನಪಿದೆ. ಆ ಮನೆಗಾಗಿ ನಿಮ್ಮ ಅಪ್ಪ ಅವ್ವ ಎಷ್ಟು ಬ್ಯಾಂಕಿನ ಬಾಗಿಲು ತಟ್ಟಿದ್ದರು! ನನ್ನ ಒಂದು ಬಾಗಿಲಿಗಾಗಿ ಅವರ ಮನೆಯೇ ಕೈತಪ್ಪುವುದೇ? ಎಲ್ಲರ ಮುಂದೆ ಮಾತಾಡದ ನಾನು ಎದ್ದು ನಿಂತು ಮಾತಾಡಿದೆ.

"ಬ್ಯಾಡಣ್ಣಾ. ನನಗ ಹಾಲ್ ಭಾಳ ಆತು. ಖೋಲಿ ತಗೊಂಡು ಏನು ಮಾಡ್ಲಿ? ಕುಂದ್ರು, ಅಣ್ಣಾ."

"ಅತ್ತೀ, ನೀವು ಸುಮ್ಕಿರ್ರಿ."

ಹೇಳಿದವಳು ನಿಮ್ಮ ಅವ್ವ. ನನ್ನ ಜೊತೆ ಎಂದೂ ದನಿ ಏರಿಸಿದವಳಲ್ಲ. ಅಂದು ಏರಿಸಿದಳು. "ನೀವು ದಿನಾ ಬಚ್ಚಲದಾಗ ಸೀರಿ ಉಟ್ಕೊಂಡು, ತೊಯ್ದ ಅಂಚು ಹಿಂಡಿಕೊಂತ ಹೊರಗ ಬರೋದು ನನಗ ಕಾಣಂಗಿಲ್ಲಂತ ತಿಳಿದೀರೇನು? ನನಗೂ ತಿಳೀಲಿಲ್ಲ ಏನು ಮಾಡಬೇಕಂತ." ಆಮೇಲೆ ಮಾಲೀಕರ ಕಡೆ ತಿರುಗಿ, "ಸರ್, ಮಾಮಾರ ಮಾತs ನಮ್ಮ ಮಾತು. ಕಿಚನ್ ನಾನು ಮುಂದ ಯಾವಾಗರ ಮಾಡಿಸ್ಕೊಂತೀನಿ. ಖೋಲಿ ಕಟ್ಟಸ್ರಿ. ಮತ್ತ ಚಿಲಕ ಒಳಗಿನಿಂದ ಇರ್ಲಿ" ಎಂದಳು. ನಿಮ್ಮ ಅಪ್ಪ ಚೆಕ್ಕನ್ನು ಜೇಬಿಗೆ ಇಟ್ಟುಕೊಂಡು ಅವಳ ಪಕ್ಕಕ್ಕೆ ಹೋಗಿ ನಿಂತ.

ಮಾಲೀಕರು ಒಬ್ಬೊಬ್ಬರ ಮುಖವನ್ನೇ ನೋಡಿದರು. ಕೊನೆಗೆ ಅಣ್ಣನ ಕಡೆ ಕೈ ಚಾಚಿ, "ಆ ಟವೆಲು ಇಳಸ್ರಿ, ಪೆದ್ದಾಯನಾ" ಎಂದರು.

ಎರಡನೇ ಸಲ ಟವೆಲಿನ ಕೆಳಗೆ ಏನು ನಡೆಯಿತೋ ನನಗೆ ಗೊತ್ತಿಲ್ಲ. ಎಷ್ಟು ಕೇಳಿದರೂ ಅಣ್ಣ ಹೇಳುವುದಿಲ್ಲ, "ಅದು ಧಂದೇದ ಗುಟ್ಟು" ಎನ್ನುತ್ತಾನೆ. ಬಹಳ ಹೊತ್ತು ಹಿಡಿಯಿತು. ಮಾಲೀಕರು ಒಮ್ಮೆ ನಕ್ಕರು, ಒಮ್ಮೆ "ಅಯ್ಯೋ" ಎಂದರು, ಕೊನೆಗೆ ಒಪ್ಪಿ ಗೋಣು ಹಾಕಿದರು. ಕಾರಿನ ಜಾಗದ ಹಿಂದಿನ ಅರ್ಧಕ್ಕೆ ಗೋಡೆ, ಬಾಗಿಲು, ಮೇಲೆ ಗಟ್ಟಿ ಛಾವಣಿ. ರಸ್ತೆಯಿಂದ ನೋಡಿದರೆ ಸಾಲು ಕೆಡದು. ನಿಮ್ಮ ಅಪ್ಪ ಚೆಕ್ಕು ಕೊಟ್ಟ. ಎಲ್ಲರೂ ಕಣ್ಣು ಒರೆಸಿಕೊಂಡು ಎದ್ದೆವು. ಬಾಗಿಲ ಹತ್ತಿರ ಹೋದ ಅಣ್ಣ ತಿರುಗಿ ನಿಂತ.

"ಮಾಲಕರ, ಖೋಲಿ ಆತು. ಮ್ಯಾಲ ಕೊಸರು?"

"ಇನ್ನೂ ಏನು!"

"ಕಿಟಕಿ, ಗದ್ದಿ ಕಡೆ. ನನ್ನ ತಂಗಿ ಹಸಿರು ನೋಡಿಕೊಂತ ಬೆಳೆದಾಕಿ."

ಮಾಲೀಕರು ಕೈ ಮುಗಿದರು. ಮ್ಯಾನೇಜರ್ ಹುಡುಗಿ ಓಡಿಬಂದು ನನ್ನ ಕೈಯಲ್ಲಿ ಒಂದು ಬೆರಳು ಒತ್ತಿ ನಕ್ಕಳು. ಒಂದು ಕಿಟಕಿ, ಕಬೂಲ್!

ಆಟೋದಲ್ಲಿ ಬರುವಾಗ ಅಣ್ಣನನ್ನು ಮೆಲ್ಲಗೆ ಕೇಳಿದೆ. "ನಾ ಯಾರ ಮುಂದೂ ಅಂದಿರಲಿಲ್ಲ. ನಿನಗ ಹೆಂಗ ತಿಳೀತು?"

"ನೀ ಹುಟ್ಟಿದಾಗಿಂದ ಬಾಯಿ ಬಿಟ್ಟು ಏನು ಕೇಳೀದಿ? ಆ ದಿನ ನಿನ್ನ ಕೈ ನನ್ನ ಕೈಯಾಗ ಇತ್ತಲ್ಲ. ಆ ಹುಡುಗಿ ದಿವಾನ ಅಂತು ನೋಡು, ನಿನ್ನ ಕೈ ತಣ್ಣಗಾತು. ಸಂತ್ಯಾಗ ಎಷ್ಟು ಮಂದಿ ಕೈ ಹಿಡಿದೀನಿ ನಾ! ಬಾಯಿ ಒಂದು ಅಂದ್ರ ಕೈ ಒಂದು ಅಂತದ" ಎಂದವನೇ ಆಟೋದವನ ಕಡೆ ಬಗ್ಗಿ, "ಏ ತಮ್ಮಾ, ಮನಿ ಬಂದ ಮ್ಯಾಲೂ ಆ ತಿರುವಿನ ತನಕ ಹೊಡಿ, ಕೊಸರು" ಎಂದ. ಅವನ ಮೈ ನೆಟ್ಟಗಿದೆ ಎಂದು ನನಗೆ ಸಮಾಧಾನವಾಯಿತು.

ಗೃಹಪ್ರವೇಶದ ಗದ್ದಲ, ಊಟ, ಬೀಗರು ಬಿಜ್ಜರು, ಎಲ್ಲ ನಿಮಗೆ ನೆನಪಿದೆ. ಅದಾದ ಮರುದಿನದ್ದು ಮಾತ್ರ ನಿಮಗೆ ಗೊತ್ತಿಲ್ಲ. ನೀವೆಲ್ಲ ದಣಿದು ಮಲಗಿದ್ದಿರಿ. ಮಧ್ಯಾಹ್ನ ನಾನು ನನ್ನ ಕೋಣೆಗೆ ಬಂದು ಚಿಲಕ ಹಾಕಿ ಮಂಚದ ಮೇಲೆ ಕೂತೆ. ಏನು ಮಾಡಬೇಕೆಂದು ತಿಳಿಯಲಿಲ್ಲ. ಏನೂ ಮಾಡಬೇಕಾಗಿಯೂ ಇರಲಿಲ್ಲ. ಗದ್ದೆಯ ಕಡೆಯಿಂದ ಗಾಳಿ ಬರುತ್ತಿತ್ತು. ಗೋಡೆಯ ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಸೆರಗು ಜಾರಿದರೂ ಎಳೆದುಕೊಳ್ಳಲಿಲ್ಲ.

ಬಾಗಿಲು ತಟ್ಟಿದ ಸದ್ದು ಕೇಳಿತು. ಮೆಲ್ಲಗೆ, ಬೆರಳ ತುದಿಯಿಂದ ತಟ್ಟಿದಂತೆ.

"ಯಾರು?"

"ನಾನವಾ. ಕುಷ್ಟಗಿ ಬಸ್ಸಿಗಿ ಹೊಂಟೀನಿ. ಒಳಗ ಬರ್ಲೇನು?"

ಒಳಗೆ ಬರಲೇ ಎಂದು ಈ ಜನ್ಮದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಲು ನನಗೊಂದು ಒಳಗು ಎಲ್ಲಿತ್ತು? ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಆ ಮುಖದಲ್ಲಿ ಬಾಗಿಲು ತೆರೆದರೆ ಅವನು ಅತ್ತುಬಿಡುತ್ತಾನೆ ಎಂದು ಗೊತ್ತಿತ್ತು.

"ಸ್ವಲ್ಪ ತಡಿಯಣ್ಣಾ" ಎಂದೆ.

"ಆತವಾ" ಎಂದ ಹೊರಗಿನಿಂದ. "ಬಸ್ಸೇನು, ಇನ್ನೊಂದು ಬರ್ತದ. ನೀ ಕರದಾಗ ಬರ್ತೀನಿ."

ಅವನು ಹೊರಗೆ ನಿಂತೇ ಇದ್ದ. ನಾನು ಅವಸರ ಮಾಡಲಿಲ್ಲ.